ಪಾರ್ಕ್ ಆಮೇಲೆ ನೋಡಿ, ಮೊದಲು ಕಕ್ಕಸಿನ ಬಾಗಿಲು ಅಳೆಯಿರಿ

ನಿಮ್ಮ ಪ್ರಶ್ನೆ ಓದಿದೆ. ಅಮ್ಮನಿಗೆ ಪಾರ್ಶ್ವವಾಯು ಆಗಿ ವೀಲ್‌ಚೇರ್, ಅಣ್ಣನ ಮಗನಿಗೆ ಆಟಿಸಂ, ಒಟ್ಟು ಒಂಬತ್ತು ಜನ. ಮಂಜೇಶ್ವರದಿಂದ ಹೊರಟು ಒಂದು ದಿನ ಥೀಮ್ ಪಾರ್ಕಿಗೆ ಹೋಗಬೇಕು, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ನಾನು ಕಾಸರಗೋಡಿನ ಬದಿಯಡ್ಕದವಳು. ನಮ್ಮದೂ ಹೆಚ್ಚುಕಡಿಮೆ ಇದೇ ಸಂಸಾರ. ಅತ್ತೆ ವೀಲ್‌ಚೇರಿನಲ್ಲಿ, ನಾದಿನಿಯ ಮಗ ಬಡ್ಸ್ ಶಾಲೆಗೆ, ಅಂದರೆ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಪಂಚಾಯತು ನಡೆಸುವ ಶಾಲೆಗೆ ಹೋಗುವವನು. ಎರಡು ಸಲ ಪಾರ್ಕಿಗೆ ಹೋಗಿದ್ದೇವೆ. ಮೊದಲ ಸಲ ಪೂರ್ತಿ ಕೆಟ್ಟಿತು. ಅದನ್ನೇ ಮೊದಲು ಹೇಳುತ್ತೇನೆ.

ಹೊರಡುವ ಮುಂಚೆ ಫೋನ್ ಮಾಡಿ "ವೀಲ್‌ಚೇರಿನವರಿಗೆ ಸೌಕರ್ಯ ಉಂಟಾ?" ಅಂತ ಕೇಳಿದ್ದೆ. "ಉಂಟು ಉಂಟು" ಅಂದರು. ಸುಳ್ಳೇನೂ ಅಲ್ಲ, ಗೇಟಿನ ಹತ್ತಿರ ಇಳಿಜಾರು ಮಾಡಿದ್ದರು. ಆದರೆ ಕಕ್ಕಸಿನ ಬಾಗಿಲು 24 ಇಂಚು, ಅತ್ತೆಯ ಕುರ್ಚಿ 26 ಇಂಚು. ಹನ್ನೊಂದು ಗಂಟೆಗೆ ಅದು ಗೊತ್ತಾದದ್ದು ಅವರೊಬ್ಬರಿಗೇ. ಆಮೇಲೆ ನೀರು ಕೊಟ್ಟರೂ, ಎಳನೀರು ಕೊಟ್ಟರೂ "ಬಾಯಾರಿಕೆ ಇಲ್ಲ" ಅಂದರು. ನಾವು ನಂಬಿದೆವು! ನಮ್ಮ ಎಲ್ಲರ ಬ್ಯಾಗು, ಚಪ್ಪಲಿ, ಮೊಬೈಲು ಕಾಯುತ್ತಾ ಒಂದು ಮರದ ಕೆಳಗೆ ಕೂತಿದ್ದರು. ವಾಪಸು ಬರುವಾಗ ಕಾರಿನಲ್ಲಿ ವಿಷಯ ಹೇಳಿದರು. ಆ ದಿನ ನನಗೆ ಆದಷ್ಟು ನಾಚಿಕೆ ಮತ್ತೆ ಯಾವತ್ತೂ ಆಗಿಲ್ಲ.

ಹಾಗಾಗಿ "ಉಂಟಾ" ಅಂತ ಕೇಳಬೇಡಿ ಮಾರಾಯ್ರೆ. ಮೊದಲು ಅಮ್ಮನ ಕುರ್ಚಿಯ ಅಗಲವನ್ನು ಟೇಪಿನಲ್ಲಿ ಅಳೆಯಿರಿ. ಆಮೇಲೆ ಪಾರ್ಕಿಗೆ ಫೋನ್ ಮಾಡಿ, ಕಕ್ಕಸಿನ ಬಾಗಿಲು ಎಷ್ಟು ಇಂಚು, ಒಳಗೆ ಕುರ್ಚಿ ತಿರುಗುತ್ತದಾ, ಹಿಡಿದುಕೊಳ್ಳಲು ಕಂಬಿ ಉಂಟಾ ಅಂತ ಕೇಳಿ. ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಲು ಹೇಳಿ. ನಾನು ಹಾಗೆ ಕೇಳಿದಾಗ ಒಬ್ಬ ಹುಡುಗ ಟೇಪ್ ಹಿಡಿದೇ ಫೋಟೋ ತೆಗೆದು ಕಳಿಸಿದ. ನನ್ನ ಮಲಯಾಳ ಕೇಳಿ ನಗು ಬಂದಿರಬೇಕು, ಪಾಪ.

ಇನ್ನು ಯಾವ ಪಾರ್ಕು? ಹತ್ತಿರದ್ದು. ಎಲ್ಲರೂ ಕೊಚ್ಚಿಯ ವಂಡರ್‌ಲಾ ಅನ್ನುತ್ತಾರೆ. 2000ರಲ್ಲಿ ಶುರುವಾದಾಗ ಅದರ ಹೆಸರು ವೀಗಾಲ್ಯಾಂಡ್. ಚೆನ್ನಾಗಿದೆ, ದೊಡ್ಡದಿದೆ, ಆದರೆ ರೈಲಿನಲ್ಲೇ ಅರ್ಧ ದಿನ ಹೋಗುತ್ತದೆ. ಒಂದು ರಾತ್ರಿ ಅಲ್ಲಿ ಉಳಿಯುವುದಾದರೆ ಮಾತ್ರ ಯೋಚಿಸಿ. ಬಿಡದಿಯ ವಂಡರ್‌ಲಾಕ್ಕೆ ರಸ್ತೆಯಲ್ಲಿ ಹೋದರೆ ಸಂಪಾಜೆ ಘಾಟಿಯ ತಿರುವುಗಳಲ್ಲೇ ಹುಡುಗ ವಾಂತಿ ಮಾಡಿ ಸುಸ್ತಾಗುತ್ತಾನೆ. ಒಂದೇ ದಿನದಲ್ಲಿ ಹೋಗಿ ಬರಲು ಎರಡು ಇವೆ. ಒಂದು ಕಣ್ಣೂರು ಕಡೆಯ ಪರಶ್ಶಿನಿಕಡವಿನ ವಿಸ್ಮಯ, ಇನ್ನೊಂದು ಮಂಗಳೂರಿನ ಪಿಲಿಕುಳದ ಹತ್ತಿರದ ಮಾನಸ. ನಿಮಗೆ ಮಾನಸವೇ ಹತ್ತಿರ. ನಾವು ಎರಡನೇ ಸಲ ವಿಸ್ಮಯಕ್ಕೆ ಹೋದೆವು, ಯಾಕೆಂದರೆ ಅತ್ತೆಗೆ ಅಲ್ಲಿನ ದೇವಸ್ಥಾನದ ಮುತ್ತಪ್ಪನನ್ನೂ ನೋಡಬೇಕಿತ್ತು. ಎರಡನ್ನೂ ಒಂದೇ ದಿನ ಮಾಡಬೇಡಿ ಅಂತ ಯಾರು ಹೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲ, ಅಲ್ವಾ?

ದಿನ ಗೊತ್ತು ಮಾಡುವಾಗ ಎರಡು ಕ್ಯಾಲೆಂಡರ್ ಇಟ್ಟುಕೊಳ್ಳಿ. ಗಡಿಯವರಿಗೆ ಇದೊಂದು ತಲೆನೋವು. ಕೇರಳದ ಓಣಂ ರಜೆ, ಕರ್ನಾಟಕದ ದಸರಾ ರಜೆ, ಎರಡರಲ್ಲೂ ಜನವೋ ಜನ. ಶಾಲೆ ನಡೆಯುವ ವಾರದ ಮಂಗಳವಾರವೋ ಬುಧವಾರವೋ ಆದರೆ ಒಳ್ಳೆಯದು. ಏಪ್ರಿಲ್, ಮೇ ಬೇಡವೇ ಬೇಡ.

ಹುಡುಗನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಎಂಡೋಸಲ್ಫಾನ್ ಕೀಟನಾಶಕದಿಂದ ಮಕ್ಕಳಿಗಾದ ಕಷ್ಟ ಕಂಡ ನಮ್ಮ ಊರಲ್ಲಿ ಇಂಥ ಮಕ್ಕಳನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಾರ್ಕಿನ ಸಾಲಿನಲ್ಲಿ ಹಾಗಲ್ಲ. ಕೈಕಾಲು ಸರಿ ಇರುವ ಹುಡುಗ ಕಿರುಚಿದರೆ "ಬೆಳೆಸಿದ್ದು ಸರಿ ಇಲ್ಲ" ಅನ್ನುವವರೇ ಹೆಚ್ಚು. ಯುಡಿಐಡಿ ಕಾರ್ಡು, ಅಂದರೆ ಸರಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ, ಕೈಯಲ್ಲೇ ಇರಲಿ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ ಹೇಳಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಮ್ಮೂ ಸೇರಿದೆ. ಸಾಲು ಬಿಟ್ಟು ಒಳಗೆ ಬಿಡುತ್ತೀರಾ ಅಂತ ಗೇಟಿನಲ್ಲೇ ಕೇಳಿ, ರೈಡಿನ ಬುಡದಲ್ಲಿ ಅಲ್ಲ. ನಾವು ಒಂದು ವಾರ ಮೊದಲಿಂದ ನಾದಿನಿಯ ಮಗನಿಗೆ ಯೂಟ್ಯೂಬಿನಲ್ಲಿ ಆ ಪಾರ್ಕನ್ನೇ ತೋರಿಸಿದೆವು. ಶಬ್ದ ತಡೆಯುವ ಹೆಡ್‌ಫೋನ್ ಕೊಂಡುಹೋದೆವು. ನೀರಾಟಕ್ಕೆ ನೈಲಾನ್ ಬಟ್ಟೆ ಹಾಕಲೇಬೇಕು ಅನ್ನುತ್ತಾರೆ. ಮೈಗೆ ಅಂಟುವ ಬಟ್ಟೆ ಅಂದರೆ ಅವನಿಗೆ ಆಗದು. ಅದಕ್ಕೆ ಮನೆಯಲ್ಲೇ ನಾಲ್ಕು ದಿನ ಅದನ್ನು ಹಾಕಿಸಿ ಸ್ನಾನ ಮಾಡಿಸಿದೆವು. ಬೆಳಿಗ್ಗೆ ಹೊರಡುವಾಗ ನಿಮ್ಮ ಹುಡುಗನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಯಾವ ಬಣ್ಣದ ಅಂಗಿ ಅಂತ ಆ ಗಾಬರಿಯಲ್ಲಿ ನೆನಪಾಗುವುದಿಲ್ಲ.

ನಿಮ್ಮ ಒಂಬತ್ತು ಜನರಲ್ಲಿ ಬೇರೆ ಯಾರಿಗೆ ಏನಿದೆಯೋ ಬರೆದಿಲ್ಲ. ಫಿಟ್ಸ್ ಇರುವವರಿಗೆ ನಿದ್ದೆಗೆಟ್ಟ ರಾತ್ರಿ ರೈಲು, ತಪ್ಪಿದ ಮಾತ್ರೆ, ಮಿಣಮಿಣ ಲೈಟಿನ ಶೋ ಮೂರೂ ಬೇಡ. ಡೌನ್ ಸಿಂಡ್ರೋಮ್ ಇದ್ದರೆ ಕುತ್ತಿಗೆಯ ಮೇಲಿನ ಮೂಳೆಗಳ ಸಂದು ಸಡಿಲ ಇರಬಹುದು. ಡಾಕ್ಟರನ್ನು ಕೇಳದೆ ಕುತ್ತಿಗೆ ಜಗ್ಗುವ ರೈಡಿಗೆ ಹತ್ತಿಸಬೇಡಿ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಕೂರಿಸುವ ಯಂತ್ರ) ಇರುವ ಮಗು ಪ್ಲಾಸ್ಟಿಕ್ ಜಾರುಬಂಡಿಗೆ ಹೋಗುವ ಮುಂಚೆ ಹೊರಗಿನ ಯಂತ್ರ ತೆಗೆದಿಡಿ. ನೀರು ಒಂದೇ ಕಾರಣ ಅಲ್ಲ, ಉಜ್ಜಿದಾಗ ಹುಟ್ಟುವ ಕರೆಂಟಿಗೂ ಅದು ಕೆಡಬಹುದು.

ಕೊಚ್ಚಿಗೇ ಹೋಗುತ್ತೇವೆ ಅಂತ ಮನಸ್ಸು ಮಾಡಿದರೆ ರೈಲ್ವೆಯ ರಿಯಾಯಿತಿ ಕಾರ್ಡು ಮೊದಲೇ ಮಾಡಿಸಿ. ಒಬ್ಬರ ಸಹಾಯ ಇಲ್ಲದೆ ಹೋಗಲಾಗದವರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75 ಕಡಿಮೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಮಂಜೇಶ್ವರದಲ್ಲಿ ಕೆಲವೇ ರೈಲು ನಿಲ್ಲುತ್ತವೆ, ಕಾಸರಗೋಡಿಗೆ ಬಂದು ಹತ್ತಿ.

ಕೊನೆಗೆ ಅಮ್ಮನ ವಿಷಯ. ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಿ. ಅತ್ತೆಗೆ ರೈಡ್ ಬೇಡವಾಗಿತ್ತು, ಅಲೆ ಬರುವ ಕೊಳದಲ್ಲಿ ಕಾಲು ಒದ್ದೆ ಮಾಡಿಕೊಳ್ಳಬೇಕಿತ್ತು. ಕಾವಲಿದ್ದ ಹುಡುಗನ ಹತ್ತಿರ ಕೇಳಿ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ನಾವು ಸರದಿ ಪ್ರಕಾರ ಬ್ಯಾಗು ಕಾದೆವು. ಅತ್ತೆ ಅರ್ಧ ಗಂಟೆ ಕೂತರು. ಸೀರೆ ಪೂರ್ತಿ ಒದ್ದೆ. ಸಾಯಂಕಾಲ ಕ್ಯಾಂಟೀನಿನಲ್ಲಿ ಎರಡು ಗ್ಲಾಸ್ ಚಾ ಕುಡಿದರು, ಮೂರನೆಯದನ್ನೂ ಕೇಳಿದರು.