ಮೈಸೂರಿನ ಫಿಲೋಮಿನಾ ಚರ್ಚಿನಲ್ಲಿ ಸಂತಳ ಮೂಳೆಗೆ ಪೂಜೆ ಮಾಡುತ್ತಾರೆಯೇ? ಕ್ರೈಸ್ತರಲ್ಲದವರು ಕೈಮುಗಿಯಬಹುದೇ?

ಧಾರಾಳವಾಗಿ ಕೈಮುಗಿಯಿರಿ. ನೀವು ಯಾರು, ಎತ್ತ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

‘ಪೂಜೆ’ಯ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಮಾತೇ. ಕನ್ನಡ ಕ್ಯಾಥೋಲಿಕರಾದ ನಾವು ಭಾನುವಾರ ಚರ್ಚಿಗೆ ಹೊರಟಾಗ ‘ಪೂಜೆಗೆ ಹೋಗುತ್ತಿದ್ದೇವೆ’ ಎನ್ನುತ್ತೇವೆ. ಆ ಪೂಜೆ ಸಲ್ಲುವುದು ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ. ಅವರಲ್ಲಿ ಬೇಡುವುದು ‘ನಮಗಾಗಿ ಪ್ರಾರ್ಥಿಸಿ’ ಎಂದಷ್ಟೇ. ಸಂತರ ದೇಹದ ತುಣುಕನ್ನೋ ಅವರು ಬಳಸಿದ ವಸ್ತುವನ್ನೋ ನಾವು ಪವಿತ್ರಾವಶೇಷ ಎನ್ನುತ್ತೇವೆ. ಅದನ್ನು ಮಾರುವುದಕ್ಕೆ ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, ಕಾನೂನಿನಲ್ಲಿ ಕಟ್ಟುನಿಟ್ಟಿನ ನಿಷೇಧವಿದೆ.

ಮೈಸೂರಿಗೆ ಈ ಅವಶೇಷವನ್ನು ತರಿಸಿದವರು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು, 1926ರಲ್ಲಿ. ಈಗಿನ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲಿಟ್ಟರು. ಪೀಠದ ಕೆಳಗೆ ನೆಲಮಾಳಿಗೆ. ಅಲ್ಲಿ ಮಲಗಿದ ಭಂಗಿಯಲ್ಲಿ ಫಿಲೋಮಿನಮ್ಮನ ಪ್ರತಿಮೆ. ಇಳಿದು ಬಂದವರು ಕೈಗೆಟುಕಿದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನ ಅಜ್ಜಿ ಜಪಸರವನ್ನು ಅಲ್ಲಿಗೆ ತಾಗಿಸಿ ನನ್ನ ಹಣೆಗೆ ಒತ್ತುತ್ತಿದ್ದರು. ಪರೀಕ್ಷೆಯ ದಿನಗಳಲ್ಲಂತೂ ಎರಡೆರಡು ಸಲ.

ಇನ್ನು, ಗೈಡ್‌ಗಳು ಸಾಮಾನ್ಯವಾಗಿ ಹೇಳದ ಒಂದು ಸಂಗತಿ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಗಲ್ಲರೆಯಲ್ಲಿ, ಅಂದರೆ ಹಿಂದಿನ ಕ್ರೈಸ್ತರನ್ನು ಹೂಳುತ್ತಿದ್ದ ನೆಲದಡಿಯ ಸುರಂಗದಲ್ಲಿ, ಎಳೆಯ ಹುಡುಗಿಯೊಬ್ಬಳ ಮೂಳೆಗಳು ಸಿಕ್ಕವು. ಗೋರಿಯನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲಿನ ಅಕ್ಷರಗಳು ಹಿಂದುಮುಂದಾಗಿದ್ದವು. ಸರಿಯಾಗಿ ಜೋಡಿಸಿದರೆ ‘ಫಿಲುಮೆನಾ, ನಿನಗೆ ಶಾಂತಿ’. ಹೆಸರು ಹುಟ್ಟಿದ್ದು ಅಲ್ಲಿಂದ. ಹಳೆಯ ಹೆಂಚುಗಳನ್ನು ಬೇರೊಬ್ಬರ ಗೋರಿಗೆ ಮತ್ತೆ ಬಳಸಿರಬಹುದು ಎಂದು ಆಮೇಲೆ ವಿದ್ವಾಂಸರು ಅನುಮಾನಿಸಿದರು. 1961ರಲ್ಲಿ ರೋಮಿನ ಧರ್ಮಸಭೆಯ ಆಡಳಿತ ಆಕೆಯ ಹಬ್ಬವನ್ನು ಚರ್ಚಿನ ಕ್ಯಾಲೆಂಡರುಗಳಿಂದ ತೆಗೆಸಿತು. ಭಕ್ತಿಯನ್ನು ಯಾರೂ ತಡೆಯಲಿಲ್ಲ, ಅದು ಬೇರೆ ಮಾತು.

ಕಾಲೇಜಿನ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ಅಜ್ಜಿಗೆ ಒಪ್ಪಿಸಿದ್ದೆ. ‘ಕ್ಯಾಲೆಂಡರಿನಿಂದ ತಾನೇ ತೆಗೆದದ್ದು, ಇಲ್ಲಿಂದ ತೆಗೆದಿಲ್ಲವಲ್ಲ’ ಎಂದವರೇ ಸೆರಗು ಹೊದ್ದು ಮೆಟ್ಟಿಲಿಳಿದರು.

ನೀವು ಹೋದಾಗ ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತಿರಿ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ, ಅದು ಕ್ಯಾಥೋಲಿಕರಿಗಷ್ಟೇ. ಕೆಳಗೆ ಇಳಿಯುವಾಗ ಮೊಬೈಲ್ ಜೇಬಿನಲ್ಲಿರಲಿ.