ಕಕಾವೊ ಕೂಟಕ್ಕೆ ಹೋಗುವ ಮುನ್ನ

ಪ್ರಶ್ನೆ: ನಾನು ಶಿರಸಿಯ ಗೃಹಿಣಿ, ವಯಸ್ಸು 52. ರಕ್ತದೊತ್ತಡಕ್ಕೂ ಖಿನ್ನತೆಗೂ ಮಾತ್ರೆ ನುಂಗುತ್ತಿದ್ದೇನೆ. ಗೋಕರ್ಣದಲ್ಲಿ ಸಂಜೆ ನಡೆಯುವ ‘ಕಕಾವೊ ಸೆರಮನಿ’ಗೆ (ಗಟ್ಟಿ ಕೋಕೋ ಪಾನೀಯ ಕುಡಿದು ಧ್ಯಾನ, ಹಾಡು, ಕುಣಿತ ನಡೆಸುವ ಕೂಟ) ಹೋದರೆ ಮನಸ್ಸು ಹಗುರಾಗುತ್ತದೆಂದು ಮಗಳು ಕರೆಯುತ್ತಿದ್ದಾಳೆ. ಹೋಗಬಹುದೇ? ನಮ್ಮ ಅಡಿಕೆ ತೋಟದ ಕೋಕೋ ಬೀಜದಿಂದಲೇ ಆ ಪಾನೀಯ ಮಾಡಬಹುದೇ?

ಉತ್ತರ: ಮಗಳ ಜೊತೆ ಖಂಡಿತ ಹೋಗಿ. ಆದರೆ ನಿಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ ಅಲ್ಲಿ ಕೊಡುವ ಪೂರ್ತಿ ಲೋಟವನ್ನು ಕುಡಿಯಬೇಡಿ.

ಈ ಕೂಟಗಳಲ್ಲಿ ಒಬ್ಬೊಬ್ಬರಿಗೆ ಸಾಮಾನ್ಯವಾಗಿ 30ರಿಂದ 40 ಗ್ರಾಂ ಕೋಕೋ ಮುದ್ದೆಯನ್ನು ಬಿಸಿನೀರಿನಲ್ಲಿ ಕದಡಿ ಕೊಡುತ್ತಾರೆ. ಅದರಲ್ಲಿ ಶೇಕಡ 1ರಿಂದ 2ರಷ್ಟು ಥಿಯೋಬ್ರೊಮಿನ್ ಎಂಬ, ಕೆಫೀನಿನಂಥದೇ ಉತ್ತೇಜಕ ಇರುವುದರಿಂದ ಹೊಟ್ಟೆಗೆ ಸೇರುವುದು ಕೆಲವು ನೂರು ಮಿಲಿಗ್ರಾಂ, ಜೊತೆಗೆ ಸ್ವಲ್ಪ ಕೆಫೀನ್. ಎದೆಬಡಿತ ಚುರುಕಾಗುವುದು, ಮೈ ಬೆಚ್ಚಗಾಗುವುದು, ಕೆಲವರಿಗೆ ವಾಕರಿಕೆ ಬರುವುದು ಈ ಉತ್ತೇಜಕಗಳಿಂದಲೇ ಆಗಬಹುದು. ‘ಹೃದಯ ತೆರೆದುಕೊಳ್ಳುತ್ತಿದೆ’ ಎಂದು ಪಕ್ಕದವರು ಹೇಳಿದರೂ ಎದೆ ಡವಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಥಿಯೋಬ್ರೊಮಿನ್ ದೇಹದಲ್ಲಿ ಹಲವು ಗಂಟೆ ಉಳಿಯುವುದರಿಂದ ಸಂಜೆ ಕುಡಿದವರಿಗೆ ರಾತ್ರಿ ನಿದ್ದೆ ಬಾರದಿರಬಹುದು, ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನಿದ್ದೆಗೇಡು ಸಣ್ಣ ಸಂಗತಿಯಲ್ಲ.

ನಿಮ್ಮ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ, ಆದರೆ ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಖಿನ್ನತೆಗೆ ಕೊಡುವ ಎಂಎಓಐ ಎಂಬ ಗುಂಪಿನ ಔಷಧ ಸೇವಿಸುವವರು ಇಷ್ಟು ಗಟ್ಟಿ ಕೋಕೋವನ್ನು ಮುಟ್ಟಲೇಬಾರದು, ಏಕೆಂದರೆ ರಕ್ತದೊತ್ತಡ ಹಠಾತ್ತನೆ ಏರಬಹುದು. ಖಿನ್ನತೆಗೇ ಕೊಡುವ ಇನ್ನೊಂದು ಔಷಧ ಫ್ಲೂವೊಕ್ಸಮೈನ್, ಕೆಫೀನನ್ನು ಒಡೆಯುವ ಕಿಣ್ವವನ್ನೇ ತಡೆಯುವುದರಿಂದ ಉತ್ತೇಜನ ಹೆಚ್ಚು ಹೊತ್ತು ಕಾಡುತ್ತದೆ. ಯಾವ ಕಾರಣಕ್ಕೂ ಕೂಟಕ್ಕಾಗಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ಮಧ್ಯ ಅಮೆರಿಕದ ಮೂಲನಿವಾಸಿಗಳಾದ ಮಾಯಾ ಜನರು ಮದುವೆಯಲ್ಲೂ ಪೂಜಾವಿಧಿಗಳಲ್ಲೂ ಕೋಕೋ ಬಳಸುತ್ತಿದ್ದುದು ನಿಜ. ಸುತ್ತ ಕುಳಿತು ಸಂಕಲ್ಪ ಹೇಳಿ, ಧ್ಯಾನ ಮಾಡಿ, ಹಾಡಿ ಕುಣಿಯುವ ಈಗಿನ ರೂಪ ಮಾತ್ರ ಈಚಿನ ದಶಕಗಳದ್ದು. ಅದರಿಂದ ಬೆಲೆಯೇನೂ ಕುಗ್ಗುವುದಿಲ್ಲ: ಮನೆಗೆಲಸದ ನಡುವೆ ಆಡಲಾಗದ ಮಾತನ್ನು ಅಲ್ಲಿ ತಾಯಿ ಮಗಳು ಆಡಿಕೊಂಡರೆ ಅದು ದೊಡ್ಡದೇ, ಮತ್ತು ಅದಕ್ಕೆ ನಿಮ್ಮ ಲೋಟದಲ್ಲಿ ಶುಂಠಿ ಕಷಾಯವಿದ್ದರೂ ಸಾಕು.

ತೋಟದ ಬೀಜವೂ ಅದೇ ಕೋಕೋ. ಹಣ್ಣಿನಿಂದ ತೆಗೆದ ಹಸಿ ಬೀಜವನ್ನು ನೇರವಾಗಿ ಅರೆಯಬೇಡಿ. ಐದಾರು ದಿನ ಹುಳಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆಯಬೇಕು. ಹುಳಿಸದಿದ್ದರೆ ಚಾಕೊಲೇಟಿನ ಪರಿಮಳ ಬಾರದು, ಹುರಿಯದಿದ್ದರೆ ರೋಗಾಣು ಉಳಿದೀತು. ಶಿರಸಿಯ ಮಳೆಗಾಲದಲ್ಲಿ ಬೀಜ ಒಣಗದೆ ಬೂಸು ಹಿಡಿಯುವುದುಂಟು, ಅಂಥದ್ದನ್ನು ಎಸೆದುಬಿಡಿ.