ಡೆನ್ಮಾರ್ಕಿಗೆ ಬರುವ ಮುನ್ನ: ವಿದ್ಯುತ್ತಿನಿಂದ ಇಂಧನ ಮಾಡುವ ಕೆಲಸದ ಬಗ್ಗೆ

ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿರುವ ನೀವು, ಸ್ನಾತಕೋತ್ತರ ಪದವಿಗೆ ಡೆನ್ಮಾರ್ಕಿನಲ್ಲಿ ಸೀಟು ಸಿಕ್ಕಿದೆ, ವಿದ್ಯುತ್ತಿನಿಂದ ಇಂಧನ ತಯಾರಿಸುವ ಕ್ಷೇತ್ರದಲ್ಲಿ ನೆಲೆ ನಿಲ್ಲಬಹುದೇ, ಕೋಪನ್‌ಹೇಗನ್ನಿನ ಬದುಕು ಹೇಗೆ ಎಂದು ಕೇಳಿದ್ದೀರಿ. ನೆಲೆ ನಿಲ್ಲಬಹುದು. ಆದರೆ ಸ್ಥಾವರಗಳಲ್ಲಿ ದುಡಿಯುವ ಆಸೆಯಿದ್ದರೆ ನೀವು ಬಾಳಬೇಕಾದದ್ದು ರಾಜಧಾನಿಯಲ್ಲಲ್ಲ, ಪಶ್ಚಿಮದ ಯುಟ್ಲೆಂಡ್ ಪರ್ಯಾಯ ದ್ವೀಪದ ಸಣ್ಣ ಊರುಗಳಲ್ಲಿ.

ಈ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು. ಗಾಳಿಯೂ, ಬಯಲೂ, ಹಂದಿ ದನಗಳ ಗೊಬ್ಬರದಿಂದ ನಡೆಯುವ ಬಯೋಗ್ಯಾಸ್ ಘಟಕಗಳೂ ಹೇರಳವಾಗಿರುವುದು ಯುಟ್ಲೆಂಡಿನಲ್ಲಿ. ಅಲ್ಲಿನ ಓಬೆನ್ರೋ ಪಟ್ಟಣದ ಬಳಿ, ಕಾಸೋ ಎಂಬಲ್ಲಿ, 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಸ್ಥಾವರವನ್ನೇ ನೋಡಿ. ಪಕ್ಕದ 304 ಮೆಗಾವಾಟ್ ಸೌರ ಪಾರ್ಕಿನ ವಿದ್ಯುತ್ತನ್ನೂ ಬಳಸಿಕೊಂಡು ನೀರನ್ನು ಒಡೆದು ಜಲಜನಕ ಪಡೆದು, ಬಯೋಗ್ಯಾಸ್ ಶುದ್ಧೀಕರಿಸುವಾಗ ಬೇರ್ಪಡುವ ಇಂಗಾಲದ ಡೈಆಕ್ಸೈಡನ್ನು ಅದರೊಡನೆ ಕೂಡಿಸಿ, ವರ್ಷಕ್ಕೆ 42,000 ಟನ್‌ವರೆಗೆ ಮೆಥನಾಲ್ ಎಂಬ ದ್ರವ ಇಂಧನ ತಯಾರಿಸುವ ಶಕ್ತಿ ಅದಕ್ಕಿದೆ. ಆ ಮೆಥನಾಲ್ ಮೆರ್ಸ್ಕ್ ಎಂಬ ಹಡಗು ಸಾಗಣೆ ಕಂಪನಿಯ ಹಡಗಿಗೆ ಇಂಧನ. ಆಟಿಕೆ ತಯಾರಿಸುವ ಲೆಗೊ ಮತ್ತು ಇನ್ಸುಲಿನ್ ತಯಾರಿಸುವ ನೋವೊ ನಾರ್ಡಿಸ್ಕ್ ಕಂಪನಿಗಳಿಗೆ ಪ್ಲಾಸ್ಟಿಕ್‌ನ ಕಚ್ಚಾವಸ್ತು. ಕಚ್ಚಾತೈಲವಿಲ್ಲದೆ ಇನ್ಸುಲಿನ್ ಪೆನ್ನಿನ ಪ್ಲಾಸ್ಟಿಕ್ ಹುಟ್ಟುವುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಇದರ ರಸಾಯನಶಾಸ್ತ್ರ ನೀವು ಓದಿರುವುದೇ. ತಾಮ್ರ ಮತ್ತು ಸತುವಿನ ವೇಗವರ್ಧಕವೂ ಹಳೆಯದೇ. ಕಷ್ಟವಿರುವುದು ವಿದ್ಯುತ್ತಿನಲ್ಲಿ. ಒಂದು ಟನ್ ಮೆಥನಾಲ್‌ಗೆ ಸುಮಾರು 190 ಕಿಲೋ ಜಲಜನಕ ಬೇಕು, ಅಷ್ಟನ್ನು ಪಡೆಯಲು ಸುಮಾರು 10,000 ಯೂನಿಟ್ ವಿದ್ಯುತ್ ಬೇಕು. ಗಾಳಿ ಜೋರಾದಾಗ ಬೆಲೆ ಕೆಲವೊಮ್ಮೆ ಸೊನ್ನೆಗಿಂತ ಕೆಳಗಿಳಿದು, ಗಾಳಿ ನಿಂತಾಗ ಥಟ್ಟನೆ ಏರುವ ಮಾರುಕಟ್ಟೆಯಲ್ಲಿ ನೀರನ್ನು ಒಡೆಯುವ ಯಂತ್ರವಾದ ಎಲೆಕ್ಟ್ರೋಲೈಸರನ್ನು ಯಾವಾಗ ಓಡಿಸಬೇಕು, ಎಷ್ಟು ಜಲಜನಕ ಕೂಡಿಡಬೇಕು, ಪದೇ ಪದೇ ನಿಲ್ಲಿಸಿದರೆ ಯಂತ್ರ ಎಷ್ಟು ಸವೆಯುತ್ತದೆ ಎಂಬ ಲೆಕ್ಕಾಚಾರ ಬಲ್ಲವರಿಗೆ ಇಲ್ಲಿ ಬೆಲೆಯಿದೆ. ಹಾಗಾಗಿ ಪ್ರಕ್ರಿಯಾ ನಿಯಂತ್ರಣವನ್ನೂ ವಿದ್ಯುತ್ ಮಾರುಕಟ್ಟೆಯನ್ನೂ ತಪ್ಪದೆ ಓದಿ.

ಅಪಾಯವನ್ನೂ ಹೇಳಬೇಕು. ನೈಸರ್ಗಿಕ ಅನಿಲದಿಂದ ಮಾಡಿದ ಮೆಥನಾಲ್‌ಗಿಂತ ಇದು ಇನ್ನೂ ಬಹಳ ದುಬಾರಿ. ಸ್ವೀಡನ್ನಿನಲ್ಲಿ ನಿರ್ಮಾಣ ಆರಂಭವಾಗಿದ್ದ ಇಂಥದೇ ಸ್ಥಾವರವೊಂದನ್ನು ಡೆನ್ಮಾರ್ಕಿನ ಇಂಧನ ಕಂಪನಿ ಓರ್ಸ್ಟೆಡ್ 2024ರ ಆಗಸ್ಟಿನಲ್ಲಿ, ಸರಿಯಾದ ಬೆಲೆಗೆ ದೀರ್ಘಾವಧಿ ಖರೀದಿದಾರರು ಸಿಗದೆ, ಕೈಬಿಟ್ಟಿತು. ನಿಮ್ಮ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರುವಾಗ ಇಂಥ ತೀರ್ಮಾನಗಳ ಪೆಟ್ಟು ನಿಮ್ಮ ಮನೆಗೇ ತಟ್ಟುತ್ತದೆ. ಮೊದಲ ಸಂಬಳದಿಂದಲೇ ಕೆಲವು ತಿಂಗಳ ಖರ್ಚಿನಷ್ಟು ಹಣ ಕೂಡಿಡುತ್ತ ಬನ್ನಿ.

ಚಳಿ ಅಭ್ಯಾಸವಾಗುತ್ತದೆ, ಡಿಸೆಂಬರಿನಲ್ಲಿ ಏಳು ಗಂಟೆಯಷ್ಟೇ ಇರುವ ಹಗಲು ಹೆಚ್ಚು ಕಾಡುತ್ತದೆ. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಕು, ಆದರೆ ಸಣ್ಣ ಊರಿನ ಸ್ಥಾವರದ ಪಾಳಿಯಲ್ಲಿ ಮಾತು ಡ್ಯಾನಿಶ್‌ನಲ್ಲೇ ನಡೆಯುತ್ತದೆ. ಮೊದಲ ಸೆಮಿಸ್ಟರಿನಲ್ಲೇ ಭಾಷಾ ತರಗತಿಗೆ ಸೇರಿ. ಐಚ್ಛಿಕ ವಿಷಯಗಳ ಪಟ್ಟಿ ಕೈಸೇರಿದಾಗ ಕಳುಹಿಸಿ, ನೋಡಿ ಹೇಳುತ್ತೇನೆ.